ನರದ ನೋವಿಗೆ ಯಾವ ಮಾತ್ರೆ, ಯಾರಿಗೆ?

ನಮ್ಮ ದೊಡ್ಡಮ್ಮನಿಗೆ ಅರವತ್ತೆಂಟು ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ. ಕಳೆದ ವರ್ಷ ರಾತ್ರಿ ಮಲಗಿದ ಮೇಲೆ ಅವರ ಅಂಗಾಲು ಉರಿಯಲು ಶುರುವಾಯಿತು. ಮೊದಮೊದಲು ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಹೊದಿಕೆಯ ಅಂಚು ತಾಗಿದರೂ ತಡೆಯಲಾಗದ ಹಾಗಾಯಿತು. ಎಲ್ಲರೂ ಮಲಗಿದ ಮೇಲೆ ಎದ್ದು ಹೋಗಿ, ಅಡುಗೆಮನೆಯ ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದರು.

ಡಾಕ್ಟರು ಪರೀಕ್ಷೆ ಮಾಡಿ ಅಮಿಟ್ರಿಪ್ಟಿಲಿನ್ ಎಂಬ ಪುಟ್ಟ ಮಾತ್ರೆ ಬರೆದುಕೊಟ್ಟರು, ರಾತ್ರಿಗೆ ಒಂದು. ಮೊಮ್ಮಗ ಆ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದ. 'ಖಿನ್ನತೆಗೆ ಕೊಡುವ ಮಾತ್ರೆ' ಅಂತ ಬಂತು. ಅಷ್ಟೇ, ಸ್ಟ್ರಿಪ್ಪು ಸಾಂಬಾರ ಡಬ್ಬಿಯ ಹಿಂದೆ ಹೋಗಿ ಕೂತಿತು. "ನಂಗೇನು ತಲೆ ಕೆಟ್ಟಿದ್ಯೇನಪ್ಪಾ? ಉರೀತಿರೋದು ಕಾಲು" ಎಂದು ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು.

ಈ ಬೇಜಾರು ಅವರೊಬ್ಬರದ್ದೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಲೆಕ್ಕದಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅವರಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ದಿನ ಕಾಲಿನ ನರದ ತೊಂದರೆ ಬರುತ್ತದೆ. ಕಾಲು ಉರಿ ಅಂತ ಹೋದರೆ ಖಿನ್ನತೆಯ ಮಾತ್ರೆಯನ್ನೋ ಫಿಟ್ಸ್ ಮಾತ್ರೆಯನ್ನೋ ಯಾಕೆ ಕೊಡುತ್ತಾರೆ? ಪಕ್ಕದ ಮನೆಯವರಿಗೆ ಒಂದು ಮಾತ್ರೆ, ನಮಗೆ ಇನ್ನೊಂದು, ಯಾಕೆ? ದೊಡ್ಡಮ್ಮನಿಗೆ ಅವತ್ತು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಬೆಲ್ ಒತ್ತಿದವರು ಯಾರೂ ಇಲ್ಲ

ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಯಾರಾದರೂ ಬಂದು ಒತ್ತಿದರೆ ಅದು ಬಾರಿಸುತ್ತದೆ. ಮಾಮೂಲಿ ನೋವು ಹಾಗೆ. ಕಾಲು ಕಲ್ಲಿಗೆ ತಾಗಿತು, ಹಲ್ಲು ಹುಳುಕಾಯಿತು, ಮಂಡಿ ಸವೆಯಿತು ಎಂದರೆ ಅಲ್ಲಿನ ನರದ ತುದಿಗಳು ಸುದ್ದಿ ಕಳಿಸುತ್ತವೆ. ಬೆನ್ನುಹುರಿಯ ಮೂಲಕ ಅದು ಮಿದುಳಿಗೆ ಮುಟ್ಟುತ್ತದೆ. ನರ ಸರಿಯಾಗಿಯೇ ಇದೆ, ತನ್ನ ಕೆಲಸ ಮಾಡುತ್ತಿದೆ.

ಮಳೆಗಾಲದಲ್ಲಿ ಗೋಡೆಯೊಳಗಿನ ವೈರಿಗೆ ನೀರು ಇಳಿದರೆ ಏನಾಗುತ್ತದೆ? ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ನಡುರಾತ್ರಿ ಬೆಲ್ ಬಾರಿಸುತ್ತದೆ. ನರದ ನೋವು ಇಂಥದ್ದು. ಇಲ್ಲಿ ಪೆಟ್ಟು ಬಿದ್ದಿರುವುದು ಸುದ್ದಿ ಒಯ್ಯುವ ತಂತಿಗೇ. ಕಾಲಿನ ಚರ್ಮದಲ್ಲಿ ಬೆಂಕಿ ಇಲ್ಲ, ಗಾಯವಿಲ್ಲ, ಬಾವೂ ಇಲ್ಲ. ಆದರೂ ಹಾಳಾದ ನರ 'ಉರಿ, ಉರಿ' ಎಂದು ಸುದ್ದಿ ಕಳಿಸುತ್ತಲೇ ಇರುತ್ತದೆ. ಆ ಉರಿ ಪೂರ್ತಿ ನಿಜವಾದದ್ದು. ನೋಡುವವರಿಗೆ ಏನೂ ಕಾಣಿಸುವುದಿಲ್ಲ ಎಂಬ ಕಾರಣಕ್ಕೆ ಮನೆಯವರು 'ಸುಮ್ನೆ ಹೇಳ್ತಾರೆ' ಅಂದುಕೊಳ್ಳುವುದೇ ಈ ಕಾಯಿಲೆಯಲ್ಲಿ ತುಂಬಾ ನೋಯಿಸುವ ಸಂಗತಿ.

ಈ ನೋವಿಗೆ ಅದರದ್ದೇ ಗುರುತುಗಳಿವೆ. ಉರಿ, ಸೂಜಿ ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ, ಜೋಮು, ಇರುವೆ ಹರಿದ ಹಾಗೆ. ಜೊತೆಗೆ ಒಂದು ವಿಚಿತ್ರವಿದೆ. ಕಾಲು ಮರಗಟ್ಟಿರುತ್ತದೆ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ಅದೇ ಕಾಲು ಉರಿಯುತ್ತಲೂ ಇರುತ್ತದೆ. ಹೊದಿಕೆ ತಾಗಿದರೆ ನೋವು ಅಂತ ದೊಡ್ಡಮ್ಮ ಹೇಳುತ್ತಿದ್ದರಲ್ಲ, ನೋವೇ ಆಗಬಾರದ ಸ್ಪರ್ಶ ನೋವಾಗುವ ಅದಕ್ಕೆ ಡಾಕ್ಟರುಗಳು ಅಲೊಡೈನಿಯಾ ಎನ್ನುತ್ತಾರೆ. ನರದ ನೋವನ್ನು ಪತ್ತೆ ಮಾಡಲು ಡಿಎನ್4 ಎಂಬ ಹತ್ತು ಅಂಶಗಳ ಚಿಕ್ಕ ಪಟ್ಟಿ ಇದೆ. ಏಳು ಅಂಶ ಕೇಳಿ ತಿಳಿಯುವುದು, ಮೂರು ಮುಟ್ಟಿ, ಚುಚ್ಚಿ, ಬ್ರಷ್ ಸವರಿ ನೋಡುವುದು. ನಾಲ್ಕು ಅಥವಾ ಹೆಚ್ಚು ಹೊಂದಿದರೆ ನರದ ನೋವಿರುವ ಸಾಧ್ಯತೆ ಜಾಸ್ತಿ.

ಸಕ್ಕರೆ ಕಾಯಿಲೆ ಒಂದೇ ಕಾರಣವಲ್ಲ. ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆಯಲ್ಲಿ ಉಳಿದುಬಿಡುವ ಉರಿ, ಕೆನ್ನೆಯಲ್ಲಿ ಮಿಂಚಿನ ಹಾಗೆ ಹೊಡೆಯುವ ನೋವು, ಕ್ಯಾನ್ಸರ್ ಔಷಧಿಯಿಂದ ಕೈಕಾಲು ಬೆರಳಿಗೆ ಬರುವ ಜೋಮು, ಕುಷ್ಠರೋಗ, ವಿಪರೀತ ಕುಡಿತ, ಪಾರ್ಶ್ವವಾಯು ಆದ ಮೇಲೆ ಒಂದು ಬದಿಗೆ ಬರುವ ನೋವು, ಎಲ್ಲವೂ ಇದೇ ಸಾಲಿನವು.

ಮಾಮೂಲಿ ನೋವಿನ ಮಾತ್ರೆ ಯಾಕೆ ನಾಟುವುದಿಲ್ಲ

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಬಾವು ಇರುವ ಕಡೆ ಕೆಲಸ ಮಾಡುತ್ತವೆ. ಬೆಲ್ ಒತ್ತುತ್ತಿರುವ ಕೈಯನ್ನು ಹಿಡಿದು ನಿಲ್ಲಿಸಿದ ಹಾಗೆ. ನರದ ನೋವಿನಲ್ಲಿ ಒತ್ತುವ ಕೈಯೇ ಇಲ್ಲ. ಹಾಗಾಗಿ ಇವುಗಳಿಂದ ಸಿಗುವ ಉಪಯೋಗ ಬಹಳ ಕಮ್ಮಿ.

ಉಪಯೋಗವಿಲ್ಲದಿದ್ದರೆ ಹೋಗಲಿ ಅನ್ನುವ ಹಾಗೂ ಇಲ್ಲ. ವರ್ಷಗಟ್ಟಲೆ ಶುಗರ್ ಇರುವವರ ಕಿಡ್ನಿ ಮೊದಲೇ ಸುಸ್ತಾಗಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ದಿನಾ ಎರಡು ನುಂಗಿದರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು. ದೊಡ್ಡಮ್ಮ ಡಾಕ್ಟರ ಹತ್ತಿರ ಹೋಗುವ ಮೊದಲು ಮೂರು ತಿಂಗಳು ಇದನ್ನೇ ಮಾಡಿದ್ದರು.

ಮಾತ್ರೆಗೂ ಮೊದಲು ಒಂದು ರಕ್ತಪರೀಕ್ಷೆ

ನೋವು ಕಮ್ಮಿ ಮಾಡುವುದು ಒಂದು ಕೆಲಸ. ನರ ಇನ್ನಷ್ಟು ಹಾಳಾಗದ ಹಾಗೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಮುಂದೆ ಹೇಳುವ ಮಾತ್ರೆಗಳೆಲ್ಲ ಮೊದಲನೆಯದಕ್ಕೆ ಮಾತ್ರ. ಅವು ನರವನ್ನು ರಿಪೇರಿ ಮಾಡುವುದಿಲ್ಲ. ಶುಗರ್ ಹತೋಟಿಗೆ ತರದೆ ಬರೀ ನೋವಿನ ಮಾತ್ರೆ ನುಂಗಿದರೆ ಒಳಗೆ ಹಾನಿ ನಡೆಯುತ್ತಲೇ ಇರುತ್ತದೆ.

ಬಿ12 ವಿಟಮಿನ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿ12 ಕಮ್ಮಿಯಾದರೂ ಕಾಲಲ್ಲಿ ಜೋಮು, ಉರಿ ಬರುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಈ ಕೊರತೆ ಸಾಮಾನ್ಯ. ಅದರ ಮೇಲೆ, ಶುಗರಿಗೆ ಅತಿ ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ದೇಹ ಬಿ12 ಹೀರಿಕೊಳ್ಳುವುದು ಕಮ್ಮಿಯಾಗುತ್ತದೆ. ಅಂದರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಸ್ಯಾಹಾರಿಗೆ ಕಾಲು ಉರಿದರೆ ಕಾರಣ ಶುಗರೇ, ಬಿ12 ಕೊರತೆಯೇ, ಎರಡೂ ಸೇರಿಯೇ ಎಂದು ಪರೀಕ್ಷೆ ಮಾಡದೆ ಹೇಳಲಾಗದು. ಕೊರತೆ ಇದ್ದರೆ ಬಿ12 ಕೊಟ್ಟಾಗ ಮೂಲಕ್ಕೇ ಔಷಧಿ ಕೊಟ್ಟಂತೆ. ಕೊರತೆ ಇಲ್ಲದವರಲ್ಲಿ ಅದರಿಂದ ನೋವು ಕಮ್ಮಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ನಮ್ಮಲ್ಲಿ 'ನರದ ಮಾತ್ರೆ' ಅಂತ ಕೊಡುವ ಬಹಳಷ್ಟರಲ್ಲಿ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12ನ ಒಂದು ರೂಪ, ಸೇರಿಕೊಂಡಿರುತ್ತದೆ.

ಥೈರಾಯ್ಡ್, ಕಿಡ್ನಿ ಪರೀಕ್ಷೆಗಳನ್ನೂ ಸಾಮಾನ್ಯವಾಗಿ ಮಾಡಿಸುತ್ತಾರೆ. ಕಿಡ್ನಿಯ ರಿಪೋರ್ಟಿಗೆ ಇನ್ನೊಂದು ದೊಡ್ಡ ಉಪಯೋಗವಿದೆ. ಅದು ಮುಂದೆ ಬರುತ್ತದೆ.

ಕೆರೆಯ ತೂಬು

ಈಗ ದೊಡ್ಡಮ್ಮನ ಪ್ರಶ್ನೆ. ಉರಿಯುವುದು ಕಾಲು, ಮಾತ್ರೆ ಮಾತ್ರ ತಲೆಯದ್ದು ಯಾಕೆ?

ಕಾಲಿನಿಂದ ಹೊರಟ ನೋವಿನ ಸುದ್ದಿ ನೇರ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ನರದಿಂದ ಇನ್ನೊಂದಕ್ಕೆ ದಾಟುತ್ತದೆ. ಆ ಜಾಗವನ್ನು ಕೆರೆಯ ತೂಬು ಅಂದುಕೊಳ್ಳಿ. ತೂಬು ಎಷ್ಟು ತೆರೆದಿದೆಯೋ ಅಷ್ಟು ನೀರು ಗದ್ದೆಗೆ. ಮಿದುಳಿನಿಂದ ಕೆಳಗೆ ಬರುವ ಕೆಲವು ನರಗಳು ಈ ತೂಬನ್ನು ಇಳಿಸುವ ಕೆಲಸ ಮಾಡುತ್ತವೆ. ಆಟದಲ್ಲಿ ಮುಳುಗಿದ ಮಗುವಿಗೆ ಮಂಡಿ ತರಚಿದ್ದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ಅಲ್ವಾ? ಅಷ್ಟು ಹೊತ್ತು ಮಿದುಳು ತೂಬನ್ನು ಇಳಿಸಿ ಹಿಡಿದಿತ್ತು.

ತೂಬು ಇಳಿಸುವ ಆ ನರಗಳು ಕೆಲಸಕ್ಕೆ ಬಳಸುವ ರಾಸಾಯನಿಕಗಳಲ್ಲಿ ಮುಖ್ಯವಾದವು ನಾರ್‌ಅಡ್ರಿನಾಲಿನ್ ಮತ್ತು ಸೆರೊಟೋನಿನ್. ಖಿನ್ನತೆಯ ಕೆಲವು ಮಾತ್ರೆಗಳು ಹೆಚ್ಚಿಸುವುದೂ ಇವನ್ನೇ. ಒಂದೇ ರಾಸಾಯನಿಕ ದೇಹದ ಎರಡು ಜಾಗದಲ್ಲಿ ಎರಡು ಕೆಲಸ ಮಾಡುತ್ತದೆ. ಅಮಿಟ್ರಿಪ್ಟಿಲಿನ್ 1960ರ ದಶಕದ ಆರಂಭದಲ್ಲಿ ಖಿನ್ನತೆಯ ಔಷಧಿಯಾಗಿ ಬಂತು. ನೋವಿಗೂ ನಾಟುತ್ತದೆ ಎಂಬುದು ಆಮೇಲೆ ತಿಳಿಯಿತು. ಖಿನ್ನತೆ ಇಲ್ಲದವರಲ್ಲೂ ನೋವು ಕಮ್ಮಿಯಾಗುತ್ತದೆ. ಅದಕ್ಕೆ ಬೇಕಾಗುವ ಪ್ರಮಾಣವೂ ಖಿನ್ನತೆಗೆ ಕೊಡುವುದಕ್ಕಿಂತ ಸಾಮಾನ್ಯವಾಗಿ ಕಮ್ಮಿ. ಡಾಕ್ಟರು ಚೀಟಿಯಲ್ಲಿ ಇದನ್ನು ಬರೆದರೆ 'ನಿಮ್ಮ ನೋವು ಮನಸ್ಸಿನದ್ದು' ಎಂದು ಅರ್ಥವಲ್ಲ.

ಫಿಟ್ಸ್ ಮಾತ್ರೆಗಳ ದಾರಿ ಬೇರೆ. ಹಾಳಾದ ನರ ಅತಿಯಾಗಿ ಸಿಡಿಯುತ್ತಿರುತ್ತದೆ. ಫಿಟ್ಸ್‌ನಲ್ಲಿ ಮಿದುಳಿನ ನರಕೋಶಗಳು ಹೀಗೇ ಮಿತಿಮೀರಿ ಸಿಡಿಯುತ್ತವೆ. ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್ ಎಂಬ ಮಾತ್ರೆಗಳು ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಳ್ಳುತ್ತವೆ. ಆಗ ಸುದ್ದಿ ದಾಟಿಸುವ ರಾಸಾಯನಿಕ ಕಮ್ಮಿ ಸುರಿಯುತ್ತದೆ. ತೂಬಿಗೆ ಬರುವ ನೀರನ್ನೇ ಕಮ್ಮಿ ಮಾಡಿದ ಹಾಗೆ.

ಮೊದಲ ಸಾಲಿನ ಮೂರು ಗುಂಪು

2025ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಸಲಹೆಗಳು 300ಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಮೂರು ಗುಂಪುಗಳನ್ನು ಮೊದಲ ಸಾಲಿನಲ್ಲಿ ಇಟ್ಟಿವೆ.

ಒಂದನೆಯದು ಹಳೆಯ ತಲೆಮಾರಿನ ಖಿನ್ನತೆಯ ಔಷಧಿಗಳು: ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್. ಅಗ್ಗ, ರಾತ್ರಿಗೊಂದು ಸಾಕು, ನಿದ್ದೆ ಬರಿಸುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟಿದಂತಾಗುವುದು, ಎದ್ದು ನಿಂತಾಗ ತಲೆಸುತ್ತು, ಬೆಳಿಗ್ಗೆ ಮಂಕು, ಇವು ತೊಂದರೆಗಳು. ನಾರ್‌ಟ್ರಿಪ್ಟಿಲಿನ್‌ನಲ್ಲಿ ಇವು ಸ್ವಲ್ಪ ಕಮ್ಮಿ. ಒಂದು ಎಚ್ಚರ: ಈ ಮಾತ್ರೆಗಳನ್ನು ಒಟ್ಟಿಗೆ ಜಾಸ್ತಿ ನುಂಗಿದರೆ ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಸಾಂಬಾರ ಡಬ್ಬಿಯ ಹಿಂದೆ ಖಂಡಿತ ಬೇಡ.

ಎರಡನೆಯದು ಡುಲೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್. ಇವೂ ಖಿನ್ನತೆಯ ಔಷಧಿಗಳೇ, ಆದರೆ ಆಮೇಲಿನ ತಲೆಮಾರು. ಮೊದಲ ವಾರ ಹೊಟ್ಟೆ ತೊಳಸುವುದು ಸಾಮಾನ್ಯ. ಊಟದ ಜೊತೆ ತೆಗೆದುಕೊಂಡರೆ ವಾಸಿ. ಬೆವರು, ರಕ್ತದೊತ್ತಡ ಸ್ವಲ್ಪ ಏರುವುದು, ಕೆಲವರಿಗೆ ನಿದ್ದೆ ಹಾರುವುದು ಉಂಟು.

ಮೂರನೆಯದು ಗ್ಯಾಬಾಪೆಂಟಿನ್ ಮತ್ತು ಪ್ರಿಗ್ಯಾಬಾಲಿನ್. ನಮ್ಮ ಊರಿನ ಚೀಟಿಗಳಲ್ಲಿ ಪ್ರಿಗ್ಯಾಬಾಲಿನ್ ಬಹಳವಾಗಿ ಕಾಣುತ್ತದೆ. ತಲೆಸುತ್ತು, ತೂಕಡಿಕೆ, ತೂಕ ಏರುವುದು, ಪಾದ ಊದುವುದು ಇದರ ತೊಂದರೆಗಳು. ಗ್ಯಾಬಾಪೆಂಟಿನ್ ಅನ್ನು ದೇಹ ಒಂದು ಸಲಕ್ಕೆ ಇಂತಿಷ್ಟೇ ಹೀರಿಕೊಳ್ಳುವುದರಿಂದ ದಿನಕ್ಕೆ ಮೂರು ಸಲ ಕೊಡುತ್ತಾರೆ. ಅಸಿಡಿಟಿಗೆ ಕುಡಿಯುವ ಅಲ್ಯೂಮಿನಿಯಂ-ಮೆಗ್ನೀಸಿಯಂ ಔಷಧಿಯ ಜೊತೆಗೇ ತೆಗೆದುಕೊಂಡರೆ ಇನ್ನೂ ಕಮ್ಮಿ ಹೀರಿಕೊಳ್ಳುತ್ತದೆ. ನಡುವೆ ಎರಡು ಗಂಟೆ ಬಿಡಬೇಕು.

ಹಾಗಾದರೆ ಯಾವುದು ಜಾಸ್ತಿ ಪವರ್?

ನೋಡಲು ಮಾತ್ರೆಯಂತೆಯೇ ಇದ್ದು ಒಳಗೆ ಔಷಧಿಯೇ ಇಲ್ಲದ ಹುಸಿ ಗುಳಿಗೆಗೆ ಹೋಲಿಸಿದಾಗ, ಎಷ್ಟು ಜನರಿಗೆ ಔಷಧಿ ಕೊಟ್ಟರೆ ಹೆಚ್ಚುವರಿಯಾಗಿ ಒಬ್ಬರಿಗೆ ನೋವು ಚೆನ್ನಾಗಿ ಇಳಿಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸಂಖ್ಯೆ ಚಿಕ್ಕದಿದ್ದಷ್ಟೂ ಔಷಧಿ ಒಳ್ಳೆಯದು. ಅದೇ 2025ರ ಲೆಕ್ಕದಲ್ಲಿ ಅಮಿಟ್ರಿಪ್ಟಿಲಿನ್ ಗುಂಪಿಗೆ ಇದು ಸುಮಾರು 5, ಡುಲೊಕ್ಸೆಟಿನ್ ಗುಂಪಿಗೆ 7, ಪ್ರಿಗ್ಯಾಬಾಲಿನ್ ಗುಂಪಿಗೆ 9.

ಈ ಸಂಖ್ಯೆಗಳನ್ನು ನೋಡಿದರೆ ಎರಡು ವಿಷಯ ಗೊತ್ತಾಗುತ್ತದೆ. ಯಾವ ಔಷಧಿಯೂ ಎಲ್ಲರಿಗೂ ನಾಟುವುದಿಲ್ಲ. ಮೊದಲ ಮಾತ್ರೆ ಕೈಕೊಟ್ಟರೆ ಅದು ನಿಮ್ಮ ದೇಹದ ತಪ್ಪೂ ಅಲ್ಲ, ಡಾಕ್ಟರ ತಪ್ಪೂ ಅಲ್ಲ. ಇನ್ನೊಂದು, ಅಮಿಟ್ರಿಪ್ಟಿಲಿನ್ ಅಂಕಿ ಚೆನ್ನಾಗಿ ಕಂಡರೂ ಅದರ ಹಳೆಯ ಪ್ರಯೋಗಗಳು ಚಿಕ್ಕವು. ಹೀಗಾಗಿ ಬೇರೆ ಬೇರೆ ಪ್ರಯೋಗದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಗೆದ್ದವರು ಯಾರು ಎಂದು ಹೇಳುವುದು ಕಷ್ಟ.

ಅದಕ್ಕೇ ಬ್ರಿಟನ್ನಿನಲ್ಲಿ ಒಂದು ನೇರ ಹೋಲಿಕೆ ನಡೆಯಿತು. 2022ರಲ್ಲಿ ಪ್ರಕಟವಾದ ಆಪ್ಷನ್-ಡಿಎಂ ಎಂಬ ಈ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ ನರದ ನೋವಿದ್ದ 130 ಜನರಿದ್ದರು. ಪ್ರತಿಯೊಬ್ಬರಿಗೂ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್, ಪ್ರಿಗ್ಯಾಬಾಲಿನ್ ಮೂರನ್ನೂ ಸರದಿಯಂತೆ ಕೊಡುವ ಯೋಜನೆ. ಆರು ವಾರ ಒಂದೇ ಮಾತ್ರೆ, ಸಾಲದೆ ಹೋದರೆ ಮುಂದಿನ ಹತ್ತು ವಾರ ಇನ್ನೊಂದನ್ನೂ ಸೇರಿಸುವುದು. ಕೊನೆಗೆ ಮೂರೂ ದಾರಿಯಲ್ಲಿ ಸರಾಸರಿ ನೋವು ಹತ್ತಕ್ಕೆ 6.6ರಿಂದ 3.3ಕ್ಕೆ ಇಳಿಯಿತು. ಮೂರೂ ಒಂದೇ! ತೊಂದರೆಗಳು ಮಾತ್ರ ಬೇರೆ ಬೇರೆ. ಪ್ರಿಗ್ಯಾಬಾಲಿನ್‌ನಿಂದ ಶುರು ಮಾಡಿದಾಗ ತಲೆಸುತ್ತು ಜಾಸ್ತಿ, ಡುಲೊಕ್ಸೆಟಿನ್‌ನಿಂದ ಹೊಟ್ಟೆ ತೊಳಸು ಜಾಸ್ತಿ, ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವುದು ಜಾಸ್ತಿ.

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ. ಗುಣ ಹೆಚ್ಚುಕಮ್ಮಿ ಒಂದೇ ಇರುವಾಗ ಆಯ್ಕೆ ನಡೆಯುವುದು ತೊಂದರೆಗಳ ಮೇಲೆ. ಯಾವ ತೊಂದರೆಯನ್ನು ಈ ಮನುಷ್ಯ ತಡೆದುಕೊಳ್ಳಬಲ್ಲ, ಯಾವುದು ಇವನಿಗೆ ಅಪಾಯ ಎಂದು ನೋಡಬೇಕು. ಪಕ್ಕದ ಮನೆಯವರ ಮಾತ್ರೆ ನಮಗೆ ಯಾಕಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಡಾಕ್ಟರ ತಲೆಯಲ್ಲಿ ಓಡುವ ಲೆಕ್ಕ

ಮೊದಲು ಕಿಡ್ನಿ. ಪ್ರಿಗ್ಯಾಬಾಲಿನ್ ಮತ್ತು ಗ್ಯಾಬಾಪೆಂಟಿನ್ ದೇಹದಿಂದ ಹೊರಹೋಗುವ ದಾರಿ ಕಿಡ್ನಿ ಒಂದೇ. ಕಿಡ್ನಿ ನಿಧಾನವಾದರೆ ಔಷಧಿ ಒಳಗೇ ಗುಡ್ಡೆಯಾಗುತ್ತದೆ. ಆಗ ಮಾಮೂಲಿ ಪ್ರಮಾಣವೇ ಅತಿಯಾಗಿ ತೂಕಡಿಕೆ, ಗೊಂದಲ, ಕೈಕಾಲು ಅದುರು ಬರಬಹುದು. ಇವರಿಗೆ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ಪ್ರಮಾಣ ಇಳಿಸುತ್ತಾರೆ. ಡುಲೊಕ್ಸೆಟಿನ್ ಕೂಡ ಕಿಡ್ನಿ ತೀರಾ ಸೋತವರಿಗೆ ಬೇಡ, ಲಿವರ್ ಕಾಯಿಲೆ ಇರುವವರಿಗಂತೂ ಬೇಡವೇ ಬೇಡ.

ಆಮೇಲೆ ಹೃದಯ. ಹಾರ್ಟ್ ಅಟ್ಯಾಕ್ ಆದವರು, ಬಡಿತದಲ್ಲಿ ಏರುಪೇರು ಇರುವವರಿಗೆ ಅಮಿಟ್ರಿಪ್ಟಿಲಿನ್ ಒಳ್ಳೆಯದಲ್ಲ. ವಯಸ್ಸಾದವರಿಗೆ ಕೊಡುವ ಮೊದಲು ಇಸಿಜಿ ಮಾಡಿಸುವುದು ಇದಕ್ಕೇ. ಇನ್ನು ಹೃದಯ ಸೋತು ಕಾಲು ಊದುವವರಿಗೆ, ಶುಗರಿಗೆ ಪಯೊಗ್ಲಿಟಜೋನ್ ತೆಗೆದುಕೊಳ್ಳುವವರಿಗೆ, ಪ್ರಿಗ್ಯಾಬಾಲಿನ್ ಊತವನ್ನು ಇನ್ನೂ ಹೆಚ್ಚಿಸಬಹುದು.

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ತ್ರಾಸ ಪಡುವ ಅಜ್ಜನಿಗೆ ಅಮಿಟ್ರಿಪ್ಟಿಲಿನ್ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಒಂದು ಬಗೆಯ ಗ್ಲಾಕೋಮಾ ಇರುವವರ ಕಣ್ಣಿನ ಒತ್ತಡ ಏರಬಹುದು. ಇವನ್ನೆಲ್ಲ ಡಾಕ್ಟರು ಕೇಳದಿದ್ದರೂ ನಾವೇ ಬಾಯಿಬಿಟ್ಟು ಹೇಳಬೇಕು. ಕಾಲುರಿಗೆ ಹೋದವರು ಕಣ್ಣಿನ ಡ್ರಾಪ್ಸ್ ವಿಷಯ ಯಾಕೆ ಹೇಳಬೇಕು ಅನಿಸುತ್ತದೆ. ಹೇಳಬೇಕಾದದ್ದು ಅದನ್ನೇ.

ಜೀವನಕ್ರಮವೂ ಲೆಕ್ಕಕ್ಕೆ ಬರುತ್ತದೆ. ನೋವಿನಿಂದ ನಿದ್ದೆಯೇ ಇಲ್ಲದವರಿಗೆ ತೂಕಡಿಕೆ ತರುವ ಮಾತ್ರೆ ರಾತ್ರಿ ವರವೇ ಸರಿ. ಅದೇ ಮಾತ್ರೆ ಬೆಳಗಿನ ಜಾವ ಬಸ್ ಓಡಿಸುವ ಡ್ರೈವರಿಗೆ, ಮರ ಹತ್ತಿ ಅಡಿಕೆ ಕೊಯ್ಯುವವರಿಗೆ ಅಪಾಯ. ಈಗಾಗಲೇ ತೂಕ ಜಾಸ್ತಿ ಇದ್ದು ಶುಗರ್ ಹತೋಟಿಗೆ ಬಾರದವರಿಗೆ ತೂಕ ಏರಿಸುವ ಪ್ರಿಗ್ಯಾಬಾಲಿನ್‌ಗಿಂತ ಡುಲೊಕ್ಸೆಟಿನ್ ಮೇಲಾಗಬಹುದು. ಕುಗ್ಗಿದ ಮನಸ್ಸು, ಆತಂಕವೂ ಜೊತೆಗಿದ್ದರೆ ಡುಲೊಕ್ಸೆಟಿನ್ ಒಂದೇ ಏಟಿಗೆ ಎರಡಕ್ಕೂ ಆಗುತ್ತದೆ. ಬಸುರಿಯರು, ಮಗು ಬೇಕೆಂದಿರುವವರು ಇದನ್ನು ಮೊದಲೇ ತಿಳಿಸಬೇಕು.

ಕೊನೆಯದಾಗಿ, ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳು. ಹೆಸರು ನೆನಪಿರದಿದ್ದರೆ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಹತ್ತಿರ ಸಣ್ಣ ಅಕ್ಷರದಲ್ಲಿರುವುದು ನಿಜವಾದ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬ ವಿವರ. ಎರಡು ಬೇರೆ ಡಾಕ್ಟರುಗಳು ಎರಡು ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಪ್ರಿಗ್ಯಾಬಾಲಿನ್ ಬರೆದಿರಬಹುದು. ಸಣ್ಣ ಅಕ್ಷರ ಓದಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿ ಮಾರುವುದೂ ಜಾಸ್ತಿ. ಪ್ರಿಗ್ಯಾಬಾಲಿನ್ ಜೊತೆ ನಾರ್‌ಟ್ರಿಪ್ಟಿಲಿನ್, ಜೊತೆಗೆ ಬಿ12. ನುಂಗಲು ಸುಲಭ, ನಿಜ. ಆದರೆ ಒಂದನ್ನು ಏರಿಸಿ ಇನ್ನೊಂದನ್ನು ಹಾಗೇ ಬಿಡಲು ಆಗುವುದಿಲ್ಲ. ತೊಂದರೆಯಾದರೆ ಯಾವುದರಿಂದ ಎಂದೂ ತಿಳಿಯುವುದಿಲ್ಲ. ಶುರುವಿನಲ್ಲಿ ಬಿಡಿಬಿಡಿಯಾಗಿ ಕೊಟ್ಟು ನೋಡುವುದು ವಾಸಿ ಅನಿಸುತ್ತದೆ.

ನೋವಿನ ಜಾಗ ನೋಡಿ

ಕೆನ್ನೆ, ದವಡೆಯಲ್ಲಿ ಮಿಂಚು ಹೊಡೆದ ಹಾಗೆ ಬರುವ ನೋವಿಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಹಲ್ಲುಜ್ಜಿದರೆ, ಗಾಳಿ ತಾಗಿದರೆ ಸಾಕು, ಹೊಡೆಯುತ್ತದೆ. ಹಲ್ಲುನೋವೆಂದು ತಿಳಿದು ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ಇದಕ್ಕೆ ಮೇಲಿನ ಮೂರೂ ಗುಂಪು ಮೊದಲ ಆಯ್ಕೆಯಲ್ಲ. 1960ರ ದಶಕದಿಂದಲೂ ಕಾರ್ಬಮಜೆಪಿನ್ ಇದರ ಮುಖ್ಯ ಔಷಧಿ. ಆದರೆ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಇರುವವರಲ್ಲಿ ಇದು ಚರ್ಮ ಸುಲಿದುಹೋಗುವಂಥ ಗಂಭೀರ ಅಲರ್ಜಿ ತರಬಹುದು. ಏಷ್ಯಾದ ಜನರಲ್ಲಿ ಈ ವಂಶವಾಹಿ ಹೆಚ್ಚು. ಶುರು ಮಾಡಿದ ಮೊದಲ ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಮೈಮೇಲೆ ದದ್ದು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಸರ್ಪಸುತ್ತಿನ ನಂತರ ಅಂಗೈಯಗಲದ ಜಾಗದಲ್ಲಿ ಮಾತ್ರ ಉರಿ ಉಳಿದಿದ್ದರೆ ಇಡೀ ಮೈಗೆ ಮಾತ್ರೆ ಯಾಕೆ? ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್ ಔಷಧಿಯ ಪಟ್ಟಿಯನ್ನು ಆ ಜಾಗಕ್ಕೆ ಅಂಟಿಸಿಕೊಳ್ಳಬಹುದು. ವಯಸ್ಸಾದವರಿಗೆ ಇದು ಹಗುರ. ಕ್ಯಾಪ್ಸೈಸಿನ್ ಇನ್ನೊಂದು. ಮೆಣಸಿನಕಾಯಿಯ ಖಾರ ಎಂದರೆ ಇದೇ ಕ್ಯಾಪ್ಸೈಸಿನ್. ಬಣ್ಣಕ್ಕೆ ಹೆಸರಾದ ಬ್ಯಾಡಗಿಯಲ್ಲಿ ಇದು ಕಮ್ಮಿ, ಗುಂಟೂರಿನದರಲ್ಲಿ ಜಾಸ್ತಿ. ಖಾರವನ್ನೂ ಬಿಸಿಯನ್ನೂ ಗುರುತಿಸುವ ನರದ ಬಾಗಿಲು ಒಂದೇ ಎಂದು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಪತ್ತೆ ಮಾಡಿತು. 2021ರ ನೊಬೆಲ್ ಪ್ರಶಸ್ತಿಯ ಪಾಲು ಅವರಿಗೆ ಬಂತು. ಕ್ಯಾಪ್ಸೈಸಿನ್ ಮುಲಾಮು ಮೊದಲು ಉರಿಸುತ್ತದೆ, ಮತ್ತೆ ಮತ್ತೆ ಹಚ್ಚಿದರೆ ಆ ನರದ ತುದಿಗಳು ದಣಿದು ಸುಮ್ಮನಾಗುತ್ತವೆ. ಗಾಯವಾದ ಚರ್ಮಕ್ಕೆ ಹಚ್ಚಬಾರದು, ಹಚ್ಚಿದ ಕೈ ಕಣ್ಣಿಗೆ ತಾಗಬಾರದು. ಮನೆಯ ಮೆಣಸಿನಕಾಯಿ ಅರೆದು ಹಚ್ಚುವ ಸಾಹಸ ದಯವಿಟ್ಟು ಬೇಡ, ಚರ್ಮ ಸುಟ್ಟುಹೋಗುತ್ತದೆ.

ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೂ ನಮ್ಮಲ್ಲಿ ಪ್ರಿಗ್ಯಾಬಾಲಿನ್ ಧಾರಾಳವಾಗಿ ಕೊಡುತ್ತಾರೆ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅದು ಹುಸಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಬಂತು. ಕ್ಯಾನ್ಸರ್ ಔಷಧಿಯಿಂದ ಬಂದ ನರದ ನೋವಿಗೆ ಹೆಚ್ಚು ಆಧಾರ ಇರುವುದು ಡುಲೊಕ್ಸೆಟಿನ್‌ಗೆ.

ಕ್ಯಾಲೆಂಡರ್ ಮೇಲಿನ ಅಂಕಿ

ಈ ಮಾತ್ರೆಗಳು ಕ್ರೋಸಿನ್ ಥರ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ನೋವು ಬಂದಾಗ ಒಂದು ನುಂಗಿ, ಇಲ್ಲದಾಗ ಬಿಡುವುದೂ ಸಲ್ಲ. ದಿನಾ ತೆಗೆದುಕೊಳ್ಳಬೇಕು. ಚಿಕ್ಕದರಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ 10 ಮಿ.ಗ್ರಾಂ.ನಿಂದ, ಡುಲೊಕ್ಸೆಟಿನ್ 30ರಿಂದ ಶುರುವಾಗಿ 60ಕ್ಕೆ. ನಿಜವಾಗಿ ನಾಟುತ್ತದೆಯೋ ಇಲ್ಲವೋ ಎಂದು ಹೇಳಲು, ತಡೆದುಕೊಳ್ಳಬಲ್ಲ ಪ್ರಮಾಣಕ್ಕೆ ಬಂದ ಮೇಲೂ ಕೆಲವು ವಾರ ಕಾಯಬೇಕು. ಒಟ್ಟು ಒಂದೂವರೆ, ಎರಡು ತಿಂಗಳು ಹಿಡಿಯುತ್ತದೆ. ಬಹಳ ಜನ ಮೊದಲ ವಾರದಲ್ಲೇ ಸೋಲುತ್ತಾರೆ. ತೊಂದರೆಗಳು ಮೊದಲ ದಿನವೇ ಬರುತ್ತವೆ, ಗುಣ ಮೂರನೇ ವಾರ ಬರುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದರೆ ಅರ್ಧದಷ್ಟು ಜನ ಮಾತ್ರೆ ಬಿಡುವುದಿಲ್ಲ ಅಂತ ನನಗನಿಸುತ್ತದೆ.

ನೋವು ಪೂರ್ತಿ ಹೋಗುತ್ತದೆ ಎಂಬ ನಿರೀಕ್ಷೆ ಬೇಡ. ನೂರಕ್ಕೆ 30ರಷ್ಟು ಇಳಿದರೆ ಅದು ಅರ್ಥವುಳ್ಳ ಇಳಿಕೆ, 50ರಷ್ಟು ಇಳಿದರೆ ತುಂಬಾ ಒಳ್ಳೆಯದು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಒಂದು ಸಾಲದಿದ್ದರೆ ಬೇರೆ ಗುಂಪಿನದಕ್ಕೆ ಬದಲಾಯಿಸುತ್ತಾರೆ ಅಥವಾ ಎರಡನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುತ್ತಾರೆ.

ನಿಲ್ಲಿಸುವಾಗಲೂ ಮೆಲ್ಲಗೆ. ಪ್ರಿಗ್ಯಾಬಾಲಿನ್, ಡುಲೊಕ್ಸೆಟಿನ್ ಅನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಕೆಡುವುದು, ಬೆವರು, ವಾಕರಿಕೆ, ಚಡಪಡಿಕೆ ಬರಬಹುದು. ಮನಸ್ಸು ವಿಪರೀತ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ತಡ ಮಾಡದೆ ಡಾಕ್ಟರಿಗೆ ಹೇಳಬೇಕು. ಈ ಗುಂಪಿನ ಕೆಲವು ಔಷಧಿಗಳ ಬಗ್ಗೆ ಆ ಎಚ್ಚರಿಕೆ ಇದೆ.

ಟ್ರಮಡಾಲ್ ಬಗ್ಗೆ

ಇದು ಅಫೀಮಿನ ಜಾತಿಯ ನೋವಿನ ಮಾತ್ರೆ. ನರದ ನೋವಿಗೂ ಸ್ವಲ್ಪ ನಾಟುತ್ತದೆ, ಆದರೆ ಚಟ ಹಿಡಿಸುತ್ತದೆ. ಅದಕ್ಕೇ ಕೊನೆಯ ಸಾಲಿನಲ್ಲಿ ಇಟ್ಟಿದ್ದಾರೆ. ನಮ್ಮ ದೇಶದಲ್ಲಿ 2018ರಿಂದ ಇದು ಮಾದಕವಸ್ತು ಕಾಯ್ದೆಯ ಹಿಡಿತದಲ್ಲಿದೆ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಬರಬಹುದು, ಫಿಟ್ಸ್ ಕೂಡ ಬರಬಹುದು. ಪ್ರಿಗ್ಯಾಬಾಲಿನ್ ಜೊತೆ ಸೇರಿದರೆ ಉಸಿರಾಟ ನಿಧಾನವಾಗುವ ಅಪಾಯ, ಮುಖ್ಯವಾಗಿ ವಯಸ್ಸಾದವರಲ್ಲಿ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ. ಮದ್ಯ ಸೇರಿದರೂ ಅದೇ ಕಥೆ. ಪ್ರಿಗ್ಯಾಬಾಲಿನ್ ಕೂಡ ನಶೆಗೆ ಬಳಕೆಯಾಗುತ್ತಿದೆ ಎಂದು 2019ರಲ್ಲಿ ಬ್ರಿಟನ್ ಅದನ್ನು ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಚೀಟಿ ಇಲ್ಲದೆ ಅಂಗಡಿಯಿಂದ ತಂದು ಮುಂದುವರಿಸುವ ಮಾತ್ರೆಗಳಲ್ಲ ಇವು.

ಮತ್ತೆ ದೊಡ್ಡಮ್ಮ

ಅವತ್ತು ಫೋನಿನಲ್ಲಿ ತೂಬಿನ ಕಥೆ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಂತ ಮೊದಲೇ ಹೇಳಬಾರದಾ" ಅಂದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡು ಆ ರಾತ್ರಿಯಿಂದ 10 ಮಿ.ಗ್ರಾಂ. ಶುರು ಮಾಡಿದರು. ಡಾಕ್ಟರು ಹೇಳಿದಂತೆ ದಿನಾ ಬೆಳಿಗ್ಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಹಾಲಿನ ಪಕ್ಕ, ರಾತ್ರಿಯ ಉರಿಗೆ ಹತ್ತಕ್ಕೆ ಎಷ್ಟು ಎಂದು ಬರೆದರು. ಮೊದಲ ವಾರ ಎಂಟು, ಎಂಟು, ಎಂಟು. ಬೆಳಿಗ್ಗೆ ಮಂಕು ಅಂತ ಬೈದುಕೊಂಡರು. ಮಾತ್ರೆಯನ್ನು ಮಲಗುವ ಹೊತ್ತಿನ ಬದಲು ಸಂಜೆ ಏಳೂವರೆಗೆ ತೆಗೆದುಕೊಳ್ಳಲು ಹೇಳಿದ ಮೇಲೆ ಮಂಕು ಕಮ್ಮಿಯಾಯಿತು. ಪ್ರಮಾಣ 25ಕ್ಕೆ ಏರಿತು. ಐದನೇ ವಾರಕ್ಕೆ ಆರು. ಎರಡು ತಿಂಗಳಿಗೆ ನಾಲ್ಕು. ಆದರೆ ಬಾಯಿ ಒಣಗಿ ರೊಟ್ಟಿ ನುಂಗಲು ಕಷ್ಟವಾಗುತ್ತಿತ್ತು. ಆ ಕ್ಯಾಲೆಂಡರ್ ಹಾಳೆಗಳನ್ನು ಹರಿದುಕೊಂಡು ಹೋಗಿ ತೋರಿಸಿದರು. ಡಾಕ್ಟರು ನಾರ್‌ಟ್ರಿಪ್ಟಿಲಿನ್‌ಗೆ ಬದಲಾಯಿಸಿದರು.

ಕಾಲು ಇನ್ನೂ ಮರಗಟ್ಟಿಯೇ ಇದೆ. ಅದಕ್ಕೆ ರಾತ್ರಿ ಮಲಗುವ ಮೊದಲು ಪುಟ್ಟ ಕನ್ನಡಿ ಹಿಡಿದು ಅಂಗಾಲಿನಲ್ಲಿ ಗಾಯ, ಗುಳ್ಳೆ ಇದೆಯಾ ನೋಡಿಕೊಳ್ಳುತ್ತಾರೆ. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ನೋಡುತ್ತಾರೆ, ಕಾಲಿಗೆ ಬಿಸಿ ಗೊತ್ತಾಗುವುದಿಲ್ಲವಲ್ಲ. ಹೋದ ವಾರ ಮಾತಾಡಿದಾಗ ಕ್ಯಾಲೆಂಡರಿನಲ್ಲಿ ಮೂರು ಇತ್ತು. ಹೊದಿಕೆ ಹೊದ್ದು ಮಲಗುತ್ತೇನೆ ಅಂದರು.